ಚೆನ್ನೈಯಲ್ಲಿ ಬಿಗೋನಿಯಾ

ವಿದ್ಯಾರ್ಥಿಗಳೇ, ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮನೆಗಳ ಅಂಗಳದಲ್ಲಿ ಬಿಗೋನಿಯಾ ಗಿಡವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಲೆಯ ಒಂದು ಮಗ್ಗುಲು ದೊಡ್ಡದು, ಇನ್ನೊಂದು ಚಿಕ್ಕದು. ಇದೇ ಅದರ ಗುರುತು. ಫ್ರಾನ್ಸಿನ ಮಿಶೆಲ್ ಬೆಗೋನ್ ಎಂಬ ಅಧಿಕಾರಿಯ ಗೌರವಾರ್ಥವಾಗಿ ಸಸ್ಯಶಾಸ್ತ್ರಜ್ಞನಾದ ಪ್ಲೂಮಿಯೇ ಈ ಹೆಸರನ್ನಿಟ್ಟನು. ಇದರಲ್ಲಿ 2,000ಕ್ಕೂ ಮಿಕ್ಕ ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟಗಳ ತಂಪು ಕಾಡುಗಳಲ್ಲಿಯೂ ಕೆಲವು ತಾವಾಗಿಯೇ ಬೆಳೆಯುತ್ತವೆ.

ಚಳಿದೇಶಗಳಲ್ಲಿ ಹಿಮವು ಇದರ ಶತ್ರು. ಆದುದರಿಂದ ಅಲ್ಲಿಯವರು ಗೆಡ್ಡೆಯ ಜಾತಿಗಳನ್ನು ಚಳಿಗಾಲಕ್ಕೆ ಮುನ್ನ ಅಗೆದು, ಗೆಡ್ಡೆಗಳನ್ನು ಒಣಗಿಸಿ, ವಸಂತದವರೆಗೆ ಒಳಗೆ ಕಾದಿರಿಸುತ್ತಾರೆ. ಚೆನ್ನೈಯಲ್ಲಿ ಹಿಮದ ಭಯವಿಲ್ಲ; ಇಲ್ಲಿ ಗಿಡವು ದಾಟಬೇಕಾದುದು ಬೇಸಗೆಯನ್ನು. ಇಲ್ಲಿಯವರು ‘ಅಗ್ನಿ ನಕ್ಷತ್ರ’ವೆನ್ನುವ ಮೇ ತಿಂಗಳ ದಿನಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು.

ಈ ಪಾಠವನ್ನು ನಾವು ನಷ್ಟದಿಂದ ಕಲಿತೆವು. ಬೆಂಗಳೂರಿನಿಂದ ಈ ಊರಿಗೆ ಬರುವಾಗ ಮೂರು ಕುಂಡಗಳನ್ನು ಜೊತೆಯಲ್ಲಿ ತಂದಿದ್ದೆವು. ಮೊದಲ ಬೇಸಗೆಯಲ್ಲಿ ಎಲೆಗಳು ಜೋತುಬಿದ್ದುದನ್ನು ಕಂಡು, ಬಾಯಾರಿಕೆಯೆಂದು ಬಗೆದು, ದಿನಕ್ಕೆ ಮೂರು ಬಾರಿ ನೀರೆರೆದೆವು. ವಾರದೊಳಗೆ ಎರಡು ಗಿಡಗಳ ಬುಡ ಕೊಳೆತುಹೋಯಿತು. ಕಿತ್ತು ನೋಡಿದರೆ ಮಣ್ಣು ಕೆಸರಾಗಿತ್ತು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಗಾಳಿಯಿಲ್ಲದೆ ಬೇರುಗಳು ಉಸಿರಾಡಲಾರವು. ಗಿಡಗಳನ್ನು ಬಾಡಿಸಿದುದು ಬಿಸಿಲಾದರೂ ಕೊಂದವರು ನಾವೇ.

ಬಿಗೋನಿಯಾವನ್ನು ಬೆಳೆಸುವವರು ತಳದಲ್ಲಿ ತೂತುಳ್ಳ ಮಣ್ಣಿನ ಕುಂಡವನ್ನು ಆರಿಸಿ, ತೂತಿನ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಂಪು ಮಣ್ಣು, ಮರಳು, ಎಲೆಗೊಬ್ಬರಗಳನ್ನು ಸಮನಾಗಿ ಬೆರೆಸಿ ತುಂಬಬೇಕು. ಬೆರಳಿನಿಂದ ಮುಟ್ಟಿದಾಗ ಮೇಲ್ಮಣ್ಣು ಒಣಗಿದ್ದರೆ ಮಾತ್ರ, ಬೆಳಗಿನ ಹೊತ್ತು, ಬುಡಕ್ಕೆ ನೀರೆರೆಯಬೇಕು. ಮಾರ್ಚಿ ಕಳೆದೊಡನೆ ಕುಂಡವನ್ನು ತಾರಸಿಯಿಂದ ಇಳಿಸಿ, ಗಾಳಿಯಾಡುವ ನೆರಳಿನಲ್ಲಿಟ್ಟು, ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ ಈಶಾನ್ಯ ಮಾರುತದ ಮಳೆಗೆ ಸಿಕ್ಕದಂತೆ ಸೂರಿನ ಕೆಳಗೆ ಸರಿಸಬೇಕು.

ಅಂದು ಉಳಿದ ಒಂದೇ ಗಿಡದಿಂದ, ಮುಂದಿನ ಜನವರಿಯ ತಂಪಿನಲ್ಲಿ, ಗೇಣಿನ ಅರ್ಧದಷ್ಟು ಉದ್ದದ ನಾಲ್ಕು ಕಡ್ಡಿಗಳನ್ನು ಕತ್ತರಿಸಿ ಒದ್ದೆ ಮರಳಿನಲ್ಲಿ ನೆಟ್ಟೆವು. ಮೂರು ಬೇರು ಬಿಟ್ಟವು. ತಾಯಿಗಿಡವು ಆ ಬೇಸಗೆಯನ್ನು ದಾಟಲಿಲ್ಲ, ಮಕ್ಕಳು ದಾಟಿದವು. ಪ್ರತಿವರ್ಷವೂ ಬೇಸಗೆಗೆ ಮುನ್ನ ಹೀಗೆ ಸಸಿ ಮಾಡಿಕೊಳ್ಳುವುದನ್ನು ನಾವು ಮರೆಯುವುದಿಲ್ಲ.

ಬೇರೆ ಊರಿನಿಂದ ಬಂದ ಗಿಡವನ್ನು ಉಳಿಸಬೇಕೆನ್ನುವವರಿಗೆ ಅಕ್ಕರೆಯೊಂದೇ ಸಾಲದು. ಅದು ಬಂದು ಸೇರಿದ ಊರಿನ ಋತುಗಳನ್ನೂ ಅರಿತಿರಬೇಕು.