ಬಿಸಿಲು, ಸೆಕೆ, ಸಿಡಿಲು

ಯುಗಾದಿ ಕಳೆದು ಎರಡು ವಾರ ತುಂಬುವಷ್ಟರಲ್ಲಿ ಕನ್ನಡ ನಾಡಿನ ಎಲ್ಲರ ಮಾತಿನಲ್ಲಿಯೂ ಬಿಸಿಲು ಬಂದು ಸೇರಿಕೊಳ್ಳುತ್ತದೆ. ಸಂತೆಯಲ್ಲಿ ಎದುರಾದವರು ಕ್ಷೇಮಸಮಾಚಾರಕ್ಕೆ ಮೊದಲು ಬಿಸಿಲಿನ ವಿಚಾರವನ್ನೇ ಎತ್ತುತ್ತಾರೆ. ಆದರೆ ರಾಯಚೂರಿನವರು ಆಡುವ ಮಾತಿಗೂ ಮಂಗಳೂರಿನವರು ಆಡುವ ಮಾತಿಗೂ ಅರ್ಥ ಒಂದೇ ಅಲ್ಲ. ರಾಯಚೂರಿನವರು ಹೇಳುವುದು ಮುಖಕ್ಕೆ ರಾಚುವ ಬಿಸಿಗಾಳಿಯನ್ನು ಕುರಿತು. ಮಂಗಳೂರಿನವರು "ಎಂತ ಸೆಕೆ ಮಾರಾಯ್ರೇ!" ಎಂದು ಉದ್ಗರಿಸುವುದು ಎಷ್ಟು ಒರೆಸಿದರೂ ಆರದ ಬೆವರನ್ನು ಕುರಿತು. ಒಂದೇ ರಾಜ್ಯದಲ್ಲಿ ಹೀಗೆ ಎರಡು ಬೇಸಿಗೆಗಳಿವೆ. ಇವೆರಡೂ ಒಂದನ್ನೊಂದು ಸಂಧಿಸಿದಾಗ ಹುಟ್ಟುವುದೇ ಗುಡುಗು ಸಿಡಿಲುಗಳ ಮಳೆ.

ಮಾರ್ಚ್‌ನಿಂದ ಮೇ ಕೊನೆಯವರೆಗಿನ ಕಾಲವನ್ನು ಹವಾಮಾನ ಶಾಸ್ತ್ರಜ್ಞರು ಮುಂಗಾರುಪೂರ್ವ ಋತುವೆಂದು ಕರೆಯುತ್ತಾರೆ. ಈ ಅವಧಿಯಲ್ಲಿ ಉತ್ತರಾಭಿಮುಖನಾದ ಸೂರ್ಯನು ಕರ್ನಾಟಕದ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಸಮುದ್ರ ದೂರ, ಆಕಾಶ ನಿರಭ್ರ. ಅಲ್ಲಿಯ ಎರೆಭೂಮಿ ಬಿರುಕುಬಿಟ್ಟು ಒಣಗಿರುತ್ತದೆ. ಆವಿಯಾಗಿ ಹೋಗಲು ಮಣ್ಣಿನಲ್ಲಿ ತೇವವೇ ಇಲ್ಲವಾದುದರಿಂದ ಬಿಸಿಲಿನ ಶಕ್ತಿಯ ಬಹುಭಾಗ ನೆಲವನ್ನೂ ಅದರ ಮೇಲಣ ಗಾಳಿಯನ್ನೂ ಕಾಯಿಸುವುದಕ್ಕೇ ವಿನಿಯೋಗವಾಗುತ್ತದೆ. ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಆ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗ್ಗೆ 8 ಗಂಟೆಗೇ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಏರ್ಪಾಡು ಹಲವು ವರ್ಷಗಳಲ್ಲಿ ನಡೆದಿದೆ. ಕಚೇರಿಯ ಗಡಿಯಾರವೇ ಬಿಸಿಲಿಗೆ ಮಣಿಯಬಲ್ಲದಾದರೆ, ಕಲ್ಲುಗಣಿಯಲ್ಲಿಯೂ ರಸ್ತೆಯ ಡಾಂಬರಿನ ಮೇಲೆಯೂ ದುಡಿಯುವವರ ಗಡಿಯಾರವೂ ಮಣಿಯಬೇಕಲ್ಲವೆ? ಸಮುದ್ರಮಟ್ಟದಿಂದ 900 ಮೀಟರುಗಳಿಗೂ ಎತ್ತರದಲ್ಲಿರುವ ಬೆಂಗಳೂರು ತಂಪಿಗೆ ಹೆಸರಾದುದು. ಅಲ್ಲಿಯೂ 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿಗೆ ಏರಿತ್ತು.

ಕರಾವಳಿಯಲ್ಲಿ ಉಷ್ಣಮಾಪಕ ಇಷ್ಟು ಮೇಲೇರುವುದು ಅಪರೂಪ. ಮಧ್ಯಾಹ್ನವಾಗುತ್ತಲೇ ಕಡಲಿನಿಂದ ಬೀಸುವ ಗಾಳಿ ಅದನ್ನು 34, 35 ಡಿಗ್ರಿಗಳ ಆಸುಪಾಸಿನಲ್ಲಿ ತಡೆದಿಡುತ್ತದೆ. ಹಾಗಿದ್ದೂ ಅಲ್ಲಿಯ ಜನ ಬಳಲುವುದೇಕೆ? ಮನುಷ್ಯದೇಹ ತನ್ನನ್ನು ತಾನು ತಂಪಾಗಿರಿಸಿಕೊಳ್ಳುವ ಪ್ರಮುಖ ಉಪಾಯ ಬೆವರು. ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಮೈಯಿಂದ ಒಯ್ಯುತ್ತದೆ. ಸುತ್ತಲಿನ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿದ್ದರೆ ಹೊಸ ಆವಿಗೆ ಅದು ಸುಲಭವಾಗಿ ಎಡೆಗೊಡುವುದಿಲ್ಲ. ಆಗ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆಯೇ ಹೊರತು ಶಾಖ ಒಳಗೇ ಉಳಿಯುತ್ತದೆ. ಬಿಸಿಲನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬುದು ಹವಾಮಾನ ಇಲಾಖೆಗೂ ತಿಳಿದ ವಿಷಯ. ಬಿಸಿಗಾಳಿಯನ್ನು ಘೋಷಿಸಲು ಬಯಲು ಸೀಮೆಯಲ್ಲಿ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಸಾಕು. ಬೆಟ್ಟದ ಸೀಮೆಗೆ 30. ಅದರ ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು.

ಸೆಕೆ ಬರಿಯ ಪೀಡೆಯಲ್ಲ, ಅದು ಮಳೆಯ ಮೂಲಧನ. 20 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂಗಳಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದರ ಸಾಮರ್ಥ್ಯ 30 ಗ್ರಾಂಗಳಿಗೇರುತ್ತದೆ. ಅರಬ್ಬಿ ಸಮುದ್ರದ ಗಾಳಿಯೂ ಬಂಗಾಳ ಕೊಲ್ಲಿಯ ಗಾಳಿಯೂ ಇಂಥ ಹೊರೆಯನ್ನು ಹೊತ್ತು ಒಳನಾಡಿನತ್ತ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೆ ಕಡಮೆ ಒತ್ತಡದ ಒಂದು ಉದ್ದನೆಯ ಪಟ್ಟಿ ಅನೇಕ ವೇಳೆ ಚಾಚಿಕೊಂಡಿರುತ್ತದೆ. ಎರಡು ಕಡೆಯ ಗಾಳಿಗಳೂ ಅಲ್ಲಿ ಕೂಡುತ್ತವೆ.

ಅಂಥ ದಿನವೊಂದನ್ನು ಹಾಸನದ ಅಥವಾ ತುಮಕೂರಿನ ಬಯಲಿನಲ್ಲಿ ನಿಂತು ನೋಡಬೇಕು. ಬೆಳಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ. ಹನ್ನೊಂದರ ಹೊತ್ತಿಗೆ ಹಿಂಜಿದ ಅರಳೆಯಂಥ ಮೋಡಗಳು ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳುತ್ತವೆ. ಕಾದ ನೆಲದ ಗಾಳಿ ಹಗುರಾಗಿ ಮೇಲೇರುತ್ತದೆ. ಏರಿದಂತೆಲ್ಲ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ತಣಿದಾಗ ಅದರೊಳಗಿನ ಆವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ, ಹಿಂದೆ ಆವಿಯಾಗುವಾಗ ಹೀರಿಕೊಂಡಿದ್ದ ಶಾಖವನ್ನೆಲ್ಲ ಮರಳಿ ಬಿಟ್ಟುಕೊಡುತ್ತದೆ. ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಮೂರು ಗಂಟೆಯ ವೇಳೆಗೆ ಅರಳೆಯ ಮುದ್ದೆ ಗೋಪುರವಾಗಿರುತ್ತದೆ. ಅದರ ತುದಿ 12 ಕಿಲೋಮೀಟರುಗಳಿಗೂ ಮಿಗಿಲಾದ ಎತ್ತರದಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಎಲೆ ಅಲುಗದು, ದನಗಳು ಮೂಗೆತ್ತಿ ನಿಲ್ಲುತ್ತವೆ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳೆಬ್ಬಿಸುತ್ತ ನುಗ್ಗುತ್ತದೆ. ದಪ್ಪ ಹನಿಗಳು, ಕೆಲವೊಮ್ಮೆ ಆಲಿಕಲ್ಲು. ಒಂದು ಗಂಟೆಯೊಳಗೆ ಎಲ್ಲವೂ ಮುಗಿದು, ಒಂದು ಊರಿನ ಕೆರೆಗೆ ನೀರು ಬಂದಿರುತ್ತದೆ. ಮೂರು ಮೈಲಿಯಾಚೆಯ ಊರಿನಲ್ಲಿ ಧೂಳೂ ನೆನೆದಿರುವುದಿಲ್ಲ.

ಈ ಮಳೆಗಾಗಿ ಕಾಯುವವರು ಬಹುಮಂದಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ಇದರ ಮೊದಲ ಸರದಿಯನ್ನು ಹೂಮಳೆಯೆನ್ನುತ್ತಾರೆ. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ದಕ್ಷಿಣದ ಜಿಲ್ಲೆಗಳ ರೈತರು ಇದನ್ನು ನಂಬಿ ಎಳ್ಳು, ಹೆಸರು, ಅಲಸಂದೆಗಳನ್ನು ಬಿತ್ತುತ್ತಾರೆ. ವಿಜಯಪುರದ ದ್ರಾಕ್ಷಿಯ ಒಡೆಯನಿಗೆ ಮಾತ್ರ ಇದರ ಆಲಿಕಲ್ಲು ಬೇಡ.

ಹೀಗಿರುವಾಗ ಬೇಸಿಗೆ ಹೇಗಿದ್ದೀತೆಂದು ಮುಂಚಿತವಾಗಿ ತಿಳಿಯಬೇಕೆಂಬ ಆಸೆ ಸಹಜ. ನಮ್ಮ ಹಿರಿಯರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಲೆಕ್ಕವಿಟ್ಟರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಆ ಬಳಿಕ ಕೃತ್ತಿಕೆ, ರೋಹಿಣಿ. ಇದು ಭವಿಷ್ಯವಾಣಿ ಎನ್ನುವುದಕ್ಕಿಂತ ಅನುಭವದ ಪಂಚಾಂಗ: ಯಾವ ಹದಿನೈದು ದಿನಗಳಲ್ಲಿ ಯಾವ ಕೆಲಸಕ್ಕೆ ಅಣಿಯಾಗಿರಬೇಕೆಂಬುದನ್ನು ಅದು ಹೇಳುತ್ತಿತ್ತು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆ 2016ರಿಂದ ಬೇಸಿಗೆಯ ತಾಪಮಾನದ ಋತು ಮುನ್ನೋಟವನ್ನು ಪ್ರಕಟಿಸುತ್ತ ಬಂದಿದೆ. ಸಾಗರಗಳ ಮೇಲ್ಮೈ ಉಷ್ಣತೆ ಮೊದಲಾದುವನ್ನು ಗಣಕಯಂತ್ರಕ್ಕೆ ಉಣಿಸಿ, ಈ ಪ್ರದೇಶದಲ್ಲಿ ಈ ಬೇಸಿಗೆ ವಾಡಿಕೆಗಿಂತ ಬಿಸಿಯಾಗುವ ಸಂಭವ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ಇಲ್ಲಿ ಸಂಭವ ಎಂಬ ಪದವನ್ನು ಗಮನಿಸಬೇಕು. ತಕ್ಕಡಿ ಯಾವ ಕಡೆಗೆ ವಾಲಿದೆ ಎಂಬುದಷ್ಟೇ ಅದರಿಂದ ತಿಳಿಯುವುದು. ಮೇ 6ರ ಸಂಜೆ ನಾಲ್ಕಕ್ಕೆ ಯಾರ ಹೊಲದ ಮೇಲೆ ಸಿಡಿಲೆರಗುವುದೆಂಬುದು ತಿಳಿಯದು. ಅದನ್ನು ನಿಶ್ಚಯಿಸುವ ಮೋಡ ಆ ದಿನ ಬೆಳಗ್ಗೆ ಹುಟ್ಟಿಯೇ ಇರುವುದಿಲ್ಲ. ಆದಕಾರಣ ಗುಡುಗುಮಳೆಗೆ ಬೇರೆಯೇ ಬಗೆಯ ಎಚ್ಚರಿಕೆ ಬೇಕು. ರಾಡಾರ್ ಮೋಡವನ್ನು ಕಂಡ ಮೇಲೆ ಮುಂದಿನ ಎರಡು ಮೂರು ಗಂಟೆಗಳಿಗೆ ಮಾತ್ರ ಅನ್ವಯಿಸುವ ಸೂಚನೆಯನ್ನು ಇಲಾಖೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ತಂತ್ರಾಂಶ, ಸುತ್ತಲಿನ 20 ಹಾಗೂ 40 ಕಿಲೋಮೀಟರುಗಳೊಳಗೆ ಸಿಡಿಲಿನ ಸುಳಿವಿದ್ದರೆ ತಿಳಿಸುತ್ತದೆ.

ಇಷ್ಟಾದರೂ ಭಾರತದಲ್ಲಿ ಈಚಿನ ಹಲವು ವರ್ಷಗಳಿಂದ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು. ಹೊಲದ ನಡುವೆ ಇರುವುದು ಒಂದೇ ಹುಣಸೆಮರ. ಮಳೆ ಬಂದಾಗ ಎಲ್ಲರೂ ಅದರ ಬುಡಕ್ಕೆ ಓಡುತ್ತಾರೆ. ಬಿಸಿಲಿನಲ್ಲಿ ತಾಯಿಯಂತೆ ನೆರಳಿತ್ತ ಮರವೇ ಆ ಹೊತ್ತಿನಲ್ಲಿ ಅತ್ಯಂತ ಅಪಾಯಕರ ತಾಣ. ಸಿಡಿಲು ಸಾಮಾನ್ಯವಾಗಿ ಎತ್ತರದ ವಸ್ತುವನ್ನು ಹುಡುಕುತ್ತದೆ, ಮರದಿಂದ ಪಕ್ಕದಲ್ಲಿದ್ದವರ ಮೈಗೆ ಜಿಗಿಯುತ್ತದೆ, ನೆಲದಲ್ಲಿಯೂ ಹರಿಯುತ್ತದೆ. ನೆಲದಲ್ಲಿ ಹರಿಯುವಾಗ ಎರಡು ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಆಘಾತ ಹೆಚ್ಚು. ಒಂದೇ ಸಿಡಿಲಿಗೆ ಮರದಡಿಯ ಹಲವು ದನಗಳು ಒಟ್ಟಿಗೆ ಸಾಯುವುದಕ್ಕೆ ಇದೇ ಕಾರಣ. ಅವುಗಳ ಮುಂಗಾಲು ಹಿಂಗಾಲುಗಳು ದೂರದೂರವಿರುತ್ತವೆ.

ಮಿಂಚಿನ ಹಾದಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿಗೆ ಕಾದು ಸಿಡಿಯುವ ಸದ್ದೇ ಗುಡುಗು. ಬೆಳಕು ಕಂಡೊಡನೆ ಎಣಿಸತೊಡಗಿದರೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ತಿಳಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಮುಂದಿನದು ಎಲ್ಲಿಗೂ ಎರಗಬಹುದು. ಆಗ ಗುದ್ದಲಿ, ಕುಡುಗೋಲುಗಳನ್ನು ಅಲ್ಲಿಯೇ ಬಿಟ್ಟು ಭದ್ರವಾದ ಕಟ್ಟಡವನ್ನೋ ಬಾಗಿಲು ಮುಚ್ಚಿದ ಬಸ್ಸನ್ನೋ ಸೇರಬೇಕು. ಹೊಲದ ಗುಡಿಸಲು ಮಳೆಯನ್ನು ತಡೆದೀತು, ಸಿಡಿಲನ್ನಲ್ಲ. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ಒಬ್ಬರಿಂದೊಬ್ಬರು ದೂರ ಸರಿದು, ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಬಾರದು. ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುವುದುಂಟು. ಆ ಹೆದರಿಕೆಗೆ ಆಧಾರವಿಲ್ಲ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ನಿಂತ ಉಸಿರನ್ನೂ ಎದೆಬಡಿತವನ್ನೂ ಮರಳಿಸಲು ಕೂಡಲೇ ಎದೆಯನ್ನು ಒತ್ತಿ ಉಪಚರಿಸಿದರೆ ಬದುಕಿಯಾರು.

ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬಾರದು. ಮಳೆ ನಿಂತು ಎಳೆಬಿಸಿಲು ಕಾಣಿಸಿದಾಗ, ಕಟ್ಟಿಹಾಕಿದ ದನ ಬೆದರಿ ಕೂಗುತ್ತಿರುವಾಗ, ಆ ಅರ್ಧ ಗಂಟೆ ಬಹಳ ದೀರ್ಘವೆನಿಸುತ್ತದೆ. ಅದು ಕಳೆದ ಮೇಲೆ ದನವನ್ನು ಬಿಚ್ಚಿ ತರಬಹುದು. ಮರುದಿನ ಬೆಳಗ್ಗೆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಹದ ನೋಡಿ, ಎಳ್ಳು ಬಿತ್ತಲು ನೇಗಿಲು ಹೂಡಬಹುದು.