ಅಗಲ ಮುದ್ರಣ: ತಂತ್ರಾಂಶ ಮತ್ತು ಗಣಕಯಂತ್ರದ ಆಯ್ಕೆ

ಹೈದರಾಬಾದಿನ ನಾಂಪಲ್ಲಿಯ ಮೈದಾನದಲ್ಲಿ ನಡೆಯುವ ಅಖಿಲ ಭಾರತ ಕೈಗಾರಿಕಾ ವಸ್ತುಪ್ರದರ್ಶನವು 1938ರಲ್ಲಿ ಆರಂಭಗೊಂಡ ಸಂಪ್ರದಾಯ. ಇಂತಹ ಪ್ರದರ್ಶನದ ಮಳಿಗೆಗಳಿಗೆ ನಿಗದಿತ ದಿನದೊಳಗೆ ಫಲಕಗಳನ್ನು ಒದಗಿಸಬೇಕಾದ ಮುದ್ರಕನಿಗೆ ಯಂತ್ರದಷ್ಟೇ ಮುಖ್ಯವಾದುದು ಅದನ್ನು ನಡೆಸುವ ತಂತ್ರಾಂಶ.

‘ರಿಪ್’ ಎನ್ನಲಾಗುವ ಈ ತಂತ್ರಾಂಶವು ವಿನ್ಯಾಸವನ್ನು ಶಾಯಿಯ ಚುಕ್ಕೆಗಳನ್ನಾಗಿ ಪರಿವರ್ತಿಸಿ, ಪ್ರತಿಯೊಂದು ಬಣ್ಣವು ಎಲ್ಲಿ, ಎಷ್ಟು ಬೀಳಬೇಕೆಂಬುದನ್ನು ನಿರ್ಧರಿಸುತ್ತದೆ. ಆದುದರಿಂದ ಮೊದಲು ತಂತ್ರಾಂಶವನ್ನೂ ಅನಂತರ ಗಣಕಯಂತ್ರವನ್ನೂ ಆರಿಸುವುದು ಯುಕ್ತ. ತಮ್ಮ ಮುದ್ರಣಯಂತ್ರದ ಮಾದರಿಗೆ ತಂತ್ರಾಂಶವು ಹೊಂದುವುದೇ, ಫ್ಲೆಕ್ಸ್, ವಿನೈಲ್, ಬಟ್ಟೆ ಇವುಗಳಿಗೆ ಪ್ರತ್ಯೇಕ ಬಣ್ಣದ ಪ್ರೊಫೈಲ್‌ಗಳಿವೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಪ್ರೊಫೈಲ್ ಹೊಂದದಿದ್ದಲ್ಲಿ ಬಣ್ಣ ಕೆಡುವುದಲ್ಲದೆ ಶಾಯಿಯೂ ವ್ಯರ್ಥವಾಗುತ್ತದೆ.

ಗಣಕಯಂತ್ರದ ಸಾಮರ್ಥ್ಯವನ್ನು ಕೆಲಸದ ಗಾತ್ರದಿಂದ ಅಳೆಯಬೇಕು. 10 ಅಡಿ ಉದ್ದ, 4 ಅಡಿ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ನಾಲ್ಕು ಬಣ್ಣಗಳಲ್ಲಿ ಸಿದ್ಧಪಡಿಸಿದರೆ ಕಡತವು ಸುಮಾರು 2 ಗಿಗಾಬೈಟ್ ಆಗುತ್ತದೆ. 100 ಬಿಂದುಗಳಾದರೆ ಅದರ ಒಂಬತ್ತನೆಯ ಒಂದು ಪಾಲು. ದೂರದಿಂದ ನೋಡುವ ಫಲಕಕ್ಕೆ ಅಷ್ಟೇ ಸಾಕು. ಸಾಮಾನ್ಯ ಕೆಲಸಕ್ಕೆ 16 ಗಿಗಾಬೈಟ್ ರ್‍ಯಾಮ್, ಎಸ್‌ಎಸ್‌ಡಿ ಹಾಗೂ ವಿದ್ಯುತ್ ಕಡಿತವನ್ನು ತಾಳುವ ಯುಪಿಎಸ್ ಇದ್ದರೆ ಕೆಲಸ ಸುಗಮವಾಗಿ ಸಾಗುತ್ತದೆ.

ಕನ್ನಡ, ತೆಲುಗು ಫಲಕಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ರಿಪ್ ಇರುವ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚದುರಬಹುದು. ಆದುದರಿಂದ ಅಕ್ಷರಗಳನ್ನು ಮೊದಲೇ ಕರ್ವ್‌ಗಳಾಗಿ ಪರಿವರ್ತಿಸಿ ಕಳುಹಿಸಬೇಕು.

ಸಾಲ ಮಾಡಿ ಬಂಡವಾಳ ಹೂಡುವ ಸಣ್ಣ ಉದ್ಯಮಿಯು ಹಣ ಪಾವತಿಸುವ ಮುನ್ನ ತನ್ನದೇ ಕಡತವನ್ನು, ತಾನು ಬಳಸುವ ವಸ್ತುವಿನ ಮೇಲೆಯೇ ಮಾದರಿಯಾಗಿ ಮುದ್ರಿಸಿ ಪರೀಕ್ಷಿಸುವುದು ಕ್ಷೇಮಕರ.