ಹಳೆಯ ಕಂಪ್ಯೂಟರಿಗೂ ಒಂದು ಕೆಲಸ

ಮಕ್ಕಳೇ, ನಿಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ ಎಂದು ಭಾವಿಸಿರಿ. ಅದರ ಮೇಲೆ ಧೂಳು ಕುಳಿತಿದೆ. ಗುಂಡಿ ಒತ್ತಿದರೆ ಅದು ಈಗಲೂ ಚಾಲೂ ಆಗುತ್ತದೆ. ಆದರೆ ಅಂತಹ ಕಂಪ್ಯೂಟರನ್ನು ಈಗ ಯಾರೂ ತಯಾರಿಸುವುದಿಲ್ಲ. ಹೊಸ ತಂತ್ರಾಂಶವನ್ನು ಹಾಕಲು ಹೋದರೆ ಅದು ಒಪ್ಪುವುದಿಲ್ಲ. "ಇನ್ನು ಇದು ಗುಜರಿಗೇ ಸರಿ" ಎಂದು ಕೆಲವರು ಹೇಳುತ್ತಾರೆ.

ಸ್ವಲ್ಪ ನಿಲ್ಲಿ! ಆ ಪೆಟ್ಟಿಗೆಯೊಳಗೆ ನಿಮಗಿಂತ ಮೊದಲು ಕಲಿತ ಅಣ್ಣಂದಿರು, ಅಕ್ಕಂದಿರು ಶಾಲಾ ಸಂಚಿಕೆಗಾಗಿ ಟೈಪು ಮಾಡಿದ ಕತೆ, ಕವನಗಳಿವೆ. ಯಂತ್ರ ಹೋದರೆ ಅವೂ ಹೋಗಬಹುದು. ಆದುದರಿಂದ ಮೊದಲ ಕೆಲಸ ಯಾವುದು ಗೊತ್ತೇ? ಆ ಬರಹಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟುಕೊಳ್ಳುವುದು. ಉಳಿದ ಮಾತು ಆಮೇಲೆ.

ಈಗ ಒಂದು ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಅಜ್ಜಿಯ ಕಾಲದ ಯಂತ್ರವಾದರೂ ಅದಕ್ಕೆ ಹೊಂದುವ ಸೂಜಿ ಸಿಕ್ಕಿದರೆ ಇಂದಿಗೂ ಬಟ್ಟೆ ಹೊಲಿಯುತ್ತದೆ. ಕಂಪ್ಯೂಟರಿನ ವಿಷಯವೂ ಹಾಗೆಯೇ. ಅದಕ್ಕೆ ಹೊಂದುವ ತಂತ್ರಾಂಶವನ್ನು ಹುಡುಕಬೇಕು. ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಇದರಿಂದ ನಮಗೆ ಆಗಬೇಕಾದ ಕೆಲಸ ಏನು? ಪತ್ರ ಬರೆಯುವುದು, ಸಂಚಿಕೆಗೆ ಟೈಪು ಮಾಡುವುದು, ಅಂಕಗಳ ಪಟ್ಟಿ ಮಾಡುವುದು, ಇಷ್ಟೇ ತಾನೇ? ಇಂತಹ ಕೆಲಸಗಳಿಗೆ ಬಳಸುವುದೇ ಆಫೀಸ್ ತಂತ್ರಾಂಶ. ಇದಕ್ಕೆ ಬಹಳ ಶಕ್ತಿಯ ಯಂತ್ರ ಬೇಕಾಗಿಲ್ಲ.

ಎರಡನೆಯದು, ಯಂತ್ರದ ಶಕ್ತಿ ಎಷ್ಟು? ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮೆದುಳು. ಹಳೆಯ ಪ್ರೊಸೆಸರುಗಳು 32 ಬಿಟ್‌ನವು. ಈಗಿನವು 64 ಬಿಟ್‌ನವು. 64 ಬಿಟ್‌ಗಾಗಿ ಮಾಡಿದ ತಂತ್ರಾಂಶವು 32 ಬಿಟ್‌ನ ಯಂತ್ರದಲ್ಲಿ ನಡೆಯುವುದಿಲ್ಲ. ರ‍್ಯಾಮ್ ಎಂಬ ಮೆಮೊರಿ ಎಷ್ಟಿದೆ ಎಂಬುದನ್ನೂ ನೋಡಬೇಕು. ನಮ್ಮ ಕಂಪ್ಯೂಟರ್ 32 ಬಿಟ್‌ನದು, ಅದರ ಮೆಮೊರಿ 1 ಜಿ.ಬಿ. ಎಂದು ಇಟ್ಟುಕೊಳ್ಳೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಮೂರನೆಯದು, ಅದರಲ್ಲಿರುವ ಆಪರೇಟಿಂಗ್ ಸಿಸ್ಟಮ್ ಯಾವುದು? ಅದು ವಿಂಡೋಸ್ ಎಕ್ಸ್‌ಪಿ ಎಂದಿರಲಿ. ಇದು 2001ರಲ್ಲಿ ಬಂತು. 2014 ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಕಂಪನಿಯು ಇದಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಅಂದರೆ, ಆ ಬಳಿಕ ಇದರಲ್ಲಿ ಕಳ್ಳ ಕಿಂಡಿಗಳು ಕಂಡುಬಂದರೆ ಮುಚ್ಚುವವರಿಲ್ಲ. ಆದುದರಿಂದ ಇಂತಹ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜೋಡಿಸಬಾರದು.

ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು. ಇನ್ನು ತಂತ್ರಾಂಶವನ್ನು ಹುಡುಕೋಣ. ಕೇರಳದ ಶಾಲೆಗಳಲ್ಲಿ ಕಲಿಯುವ ನಿಮಗೆ ಲಿಬ್ರೆ ಆಫೀಸ್ ಹೊಸತಲ್ಲ. ಲ್ಯಾಬಿನ ಕೈಟ್ ಗ್ನೂ/ಲಿನಕ್ಸ್‌ನಲ್ಲಿ ಅದು ಇದೆ. 2010ರಲ್ಲಿ ಆರಂಭವಾದ ಈ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಇದು ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ಇದರ ಹೊಸ ಆವೃತ್ತಿಗಳು ಎಕ್ಸ್‌ಪಿಯಲ್ಲಿ ನಡೆಯುವುದಿಲ್ಲ. ಆದರೆ 2017ರಲ್ಲಿ ಬಂದ 5.4 ಆವೃತ್ತಿಯು ನಡೆಯುತ್ತದೆ. ಎಕ್ಸ್‌ಪಿಗೆ ಅದೇ ಕೊನೆಯದು. ಹಳೆಯ ಆವೃತ್ತಿಗಳನ್ನು ಲಿಬ್ರೆ ಆಫೀಸಿನವರೇ ಸಂಗ್ರಹಿಸಿ ಇಟ್ಟಿದ್ದಾರೆ. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರಬಹುದು. ಇದು ಒಂದು ದಾರಿ.

ಇನ್ನೊಂದು ದಾರಿಯೂ ಇದೆ. ಆಪರೇಟಿಂಗ್ ಸಿಸ್ಟಮನ್ನೇ ಬದಲಾಯಿಸುವುದು. 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸನ್ನು 32 ಬಿಟ್‌ನ ಯಂತ್ರದಲ್ಲೂ ಹಾಕಬಹುದು. 2025ರ ಡೆಬಿಯನ್ 13ನ್ನು ಹಾಗೆ ಹಾಕಲಾಗದು. ನೋಡಿದಿರಾ, ಹೆಸರು ಒಂದೇ ಆದರೂ ಆವೃತ್ತಿಯ ಸಂಖ್ಯೆಯನ್ನು ಗಮನಿಸಬೇಕು! ಲಿನಕ್ಸ್‌ನಲ್ಲಿ ಲಿಬ್ರೆ ಆಫೀಸ್ ನಿಧಾನವಾದರೆ ಬರೆಯಲು ಅಬಿವರ್ಡ್, ಲೆಕ್ಕಕ್ಕೆ ನ್ಯೂಮರಿಕ್ ಎಂಬ ಹಗುರವಾದ ತಂತ್ರಾಂಶಗಳಿವೆ. ಈ ಕೆಲಸವನ್ನು ಅಧ್ಯಾಪಕರ ಸಹಾಯದಿಂದಲೇ ಮಾಡಬೇಕು. ಇಲ್ಲವಾದರೆ ಯಂತ್ರದಲ್ಲಿದ್ದುದೆಲ್ಲ ಅಳಿದುಹೋಗಬಹುದು.

ತಂತ್ರಾಂಶ ಸಿಕ್ಕಿತು. ಅದು ನಮ್ಮ ಕನ್ನಡಕ್ಕೆ ಆಗುತ್ತದೆಯೇ? ಪರೀಕ್ಷೆ ಸುಲಭ. ಕೃಷಿ, ಸೂರ್ಯ, ರಾಷ್ಟ್ರ, ಸ್ವಾತಂತ್ರ್ಯ ಎಂದು ಟೈಪು ಮಾಡಿರಿ. ಒತ್ತಕ್ಷರಗಳು ಅವುಗಳ ಜಾಗದಲ್ಲಿಯೇ ಕುಳಿತರೆ ಸರಿ. ಬಿಡಿಬಿಡಿಯಾಗಿ ಕಂಡರೆ ಕನ್ನಡ ಯುನಿಕೋಡ್ ಅಕ್ಷರಶೈಲಿಯನ್ನು ಹಾಕಿ ನೋಡಬೇಕು. ಅಣ್ಣ, ಅಕ್ಕಂದಿರ ಬರಹ ತೆರೆದಾಗ ಇಂಗ್ಲಿಷಿನಂತಹ ವಿಚಿತ್ರ ಅಕ್ಷರಗಳು ಕಂಡರೆ ಹೆದರಬೇಡಿ. ಅದು ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬರೆದುದಾಗಿರಬಹುದು. ಅದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಗಳಿವೆ.

ಕೊನೆಗೆ ಒಂದು ಮುಖ್ಯ ಮಾತು. ಬರೆದುದನ್ನು ಒ.ಡಿ.ಟಿ. ರೂಪದಲ್ಲಿ ಉಳಿಸಿರಿ. ಇದು ಓಪನ್ ಡಾಕ್ಯುಮೆಂಟ್ ಎಂಬ ತೆರೆದ ಮಾದರಿಗೆ ಸೇರಿದೆ. 2006ರಲ್ಲಿ ಇದನ್ನು ಅಂತಾರಾಷ್ಟ್ರೀಯ ಮಾನಕವಾಗಿ ಒಪ್ಪಿಕೊಳ್ಳಲಾಯಿತು. ಇದರ ನಿಯಮಗಳು ಎಲ್ಲರಿಗೂ ತಿಳಿದಿರುವುದರಿಂದ ಒಂದು ಕಂಪನಿ ಮುಚ್ಚಿದರೂ ಇನ್ನೊಬ್ಬರು ಅದನ್ನು ತೆರೆಯುವ ತಂತ್ರಾಂಶವನ್ನು ಮಾಡಬಲ್ಲರು. ಯಂತ್ರ ಒಂದು ದಿನ ನಿಂತೇ ನಿಲ್ಲುತ್ತದೆ. ನಾವು ಬರೆದುದು ನಿಲ್ಲಬಾರದು. ಮುಂದೆ ಈ ಶಾಲೆಗೆ ಬರುವ ತಮ್ಮಂದಿರು, ತಂಗಿಯರು ಅದನ್ನು ಓದಬೇಕಲ್ಲವೇ?

ಅಭ್ಯಾಸ

ಹೊಸ ಪದಗಳು
ತಂತ್ರಾಂಶ – ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಆದೇಶಗಳ ಕಟ್ಟು
ಆವೃತ್ತಿ – ತಿದ್ದಿ ಹೊಸದಾಗಿ ಹೊರತಂದ ರೂಪ
ಮಾನಕ – ಎಲ್ಲರೂ ಒಪ್ಪಿದ ಅಳತೆ ಅಥವಾ ನಿಯಮ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಳೆಯ ಕಂಪ್ಯೂಟರಿನಲ್ಲಿ ಮೊದಲು ಮಾಡಬೇಕಾದ ಕೆಲಸ ಯಾವುದು?
2. ಎಕ್ಸ್‌ಪಿ ಇರುವ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಏಕೆ ಜೋಡಿಸಬಾರದು?
3. ಒ.ಡಿ.ಟಿ. ರೂಪದಲ್ಲಿ ಉಳಿಸುವುದರಿಂದ ಏನು ಲಾಭ?

ಆ) ಯೋಚಿಸಿ ಹೇಳಿರಿ.
"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಈ ಪಾಠಕ್ಕೆ ಹೇಗೆ ಹೊಂದುತ್ತದೆ?

ಇ) ಚಟುವಟಿಕೆ
ನಿಮ್ಮ ಮನೆಯ ಹಿರಿಯರಿಂದ ಒಂದು ಕತೆ ಕೇಳಿ ಬನ್ನಿರಿ. ಅದನ್ನು ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಟೈಪು ಮಾಡಿ, ಎರಡು ಕಡೆ ಉಳಿಸಿರಿ.